ಅಬೀದಾಳ ಹೆಸರಿನಲ್ಲಿ

"ಕಾಕಾ, ಇಲ್ಲೊಂಚೂರು ಬರ್ರಿ" ಎಂಬ ಕೂಗು ನಿಂತುಹೋದದ್ದೇ ಚನ್ನಯ್ಯನ ಸಂಕಟ. ಲಕಮನಹಳ್ಳಿಯ, ಬೀಜ ಬಿತ್ತುವ ಕೂರಿಗೆ ಮಾಡುವ ಕಾರ್ಖಾನೆಯಲ್ಲಿ ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಕಂಪ್ಯೂಟರು. ಅದು ಮೊಂಡು ಹಿಡಿದಾಗಲೆಲ್ಲ ಅವನೇ ಬೇಕಾಗುತ್ತಿದ್ದ. ಹೆಂಡತಿ ತೀರಿದ ಮೇಲೆ ಅವನನ್ನು ಯಾರಾದರೂ ಕೂಗಿ ಕರೆಯುವ ಜಾಗ ಅದೊಂದೇ. ಈಗ ಕಂಪ್ಯೂಟರ್ ಕಲಿತ ಹುಡುಗಿ ಅಬೀದಾ ಕೆಲಸಕ್ಕೆ ಬಂದಿದ್ದಳು. ಮಾಲೀಕ ಶಿವಯೋಗೀಶ ಕಂಪ್ಯೂಟರಿನ ಪೂರ್ತಿ ಅಧಿಕಾರವನ್ನು ಅವಳ ಖಾತೆಗೆ ಕೊಟ್ಟು, "ಇನ್ನ ನೀವು ಆರಾಮ ಇರ್ರಿ ಕಾಕಾ" ಎಂದುಬಿಟ್ಟಿದ್ದ. ಆರಾಮ ಮನೆಯಲ್ಲಿ ಬೇಕಾದಷ್ಟಿತ್ತು.

ಒಕ್ಕಲು ಮನೆತನದವನು, ಹದ ಕಾಯುವುದು ಗೊತ್ತಿತ್ತು. ಚಹಾ ಹಿಡಿದು ಅವಳ ಬೆನ್ನಹಿಂದೆ ನಿಂತು, ಅವಳು ಖಾತೆ ತೆರೆಯುವಾಗಿನ ಬೆರಳುಗಳ ಓಟ ಕಲಿತ. ಕೂರಿಗೆಯ ನಕ್ಷೆಗಳೆಲ್ಲ ಡಿ ಡ್ರೈವಿನಲ್ಲಿದ್ದವು. ಅದು ಅಬೀದಾಳ ಖಾತೆಗೆ ಮಾತ್ರ ತೆರೆದು ಉಳಿದವರಿಗೆಲ್ಲ ಮುಚ್ಚಿಕೊಂಡರೆ, ಹುಡುಗಿ ಬೇಕೆಂದೇ ಬೀಗ ಜಡಿದಳೆಂದು ಯಾರಾದರೂ ನಂಬುತ್ತಾರೆ. ತಾನು ಚಾಡಿ ಹೇಳಬೇಕಿಲ್ಲ. ಅವಳು ಹೋಗುತ್ತಾಳೆ, ಕೂಗು ಮರಳುತ್ತದೆ.

ಖರೀದಿದಾರರು ಬರುವ ಹಿಂದಿನ ದಿನ, ಎಲ್ಲರೂ ಒಳಕೋಣೆಯಲ್ಲಿ ರೊಟ್ಟಿ ಡಬ್ಬಿ ಬಿಚ್ಚಿ ಕೂತಾಗ, ಅವಳ ಹೆಸರಿನಲ್ಲಿ ಒಳಹೊಕ್ಕು ಕೆಲಸ ಮುಗಿಸಿದ. ಗೋಡೆಯಾಚೆ ನಗು ಕೇಳುತ್ತಿತ್ತು. ಕಾಕಾ ಊಟಕ್ಕೆ ಯಾಕೆ ಬರಲಿಲ್ಲವೆಂದು ಒಬ್ಬರೂ ಕೇಳಲಿಲ್ಲ. ಅದೂ ಅನುಕೂಲವೇ ಆಯಿತು.

ಮರುದಿನ ಅಬೀದಾ ಖರೀದಿದಾರರಿಗೆ ಶೆಡ್ ತೋರಿಸುತ್ತಿದ್ದಳು. ನಕ್ಷೆ ತೆಗೆಯಲು ಕೂತ ಗುಮಾಸ್ತ ಬಾಳಕೃಷ್ಣ ಮತ್ತೆ ಮತ್ತೆ ಒತ್ತಿ ನೋಡಿದ. ಡ್ರೈವು ಅವನಿಗೂ ತೆರೆಯಲಿಲ್ಲ, ಮಾಲೀಕನಿಗೂ ತೆರೆಯಲಿಲ್ಲ.

"ಕಾಕಾ! ಲಗೂ ಬರ್ರಿ!" ಶಿವಯೋಗೀಶ ಕೂಗಿದ.

"ಕಡೀಕೆ ನಮ್ಮ ಹಳೇ ಡಾಕ್ಟರ್ರೇ ಬೇಕಾದ್ರು ನೋಡ್ರಿ," ಎಂದು ಬಾಳಕೃಷ್ಣ ಕುರ್ಚಿ ಬಿಟ್ಟುಕೊಟ್ಟ.

ಚನ್ನಯ್ಯ ಕುರ್ಚಿಯಲ್ಲಿ ಕೂತ. ಎಲ್ಲರೂ ಅವನ ಹೆಗಲಿಗೆ ಹೆಗಲು ತಾಗುವಂತೆ ಸುತ್ತುವರಿದರು. ಇಷ್ಟು ಹತ್ತಿರ ಯಾರಾದರೂ ಬಂದು ಎಷ್ಟು ಕಾಲವಾಗಿತ್ತೋ! ಆ ಬೆಚ್ಚಗಿನ ಗುಂಪಿನ ನಡುವೆ ಅವನ ಬೆರಳು ಹಗುರಾಗಿ ಓಡಿದವು. ಅಬೀದಾಳ ಹೆಸರು ಒತ್ತಿದ, ಟಕಟಕನೆ ಬಡಿದ, ನಕ್ಷೆಗಳು ತೆರೆದುಕೊಂಡವು. "ನೋಡ್ರಿ, ಆಕಿ ಹೆಸರಿನ್ಯಾಗಷ್ಟ ತೆರೀತೈತಿ," ಎಂದು ಹೆಮ್ಮೆಯಿಂದ ತಿರುಗಿದ. ಯಾರೂ ನಕ್ಷೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ಬೆರಳುಗಳ ಮೇಲಿತ್ತು. ಆಗಷ್ಟೇ ಬಾಗಿಲಿಗೆ ಬಂದು ನಿಂತಿದ್ದ ಅಬೀದಾ ಮೆಲ್ಲಗೆ ಕೇಳಿದಳು: "ಕಾಕಾ, ನನ್ನ ಪಾಸ್‌ವರ್ಡ್ ನಿಮಗ ಹೆಂಗ ಗೊತ್ತಾತ್ರಿ?"