ಹುಬ್ಬಳ್ಳಿಯ ಹೋಲುಗನ್ನಡಿ

ಇನ್ನೊಂದು ಮೂವತ್ತು ವರ್ಷ ಕಳೆದ ಮೇಲಿನ ಮಾತು. ಶ್ರಾವಣ ಮುಗಿಯುತ್ತ ಬಂದಿತ್ತು, ಸಂಜೆಯ ಹೊತ್ತು. ಹುಬ್ಬಳ್ಳಿಯ ಚಾಲಕನಿಲ್ಲದ ಬಸ್ಸಿನ ಚಾವಣಿಗೆ ಅಂಟಿಸಿದ್ದ ಬಿಲ್ಲೆಯಗಲದ ಹೋಲುಗನ್ನಡಿ, ಎರಡು ಊರುಗಳ ಪ್ರಯಾಣಿಕರನ್ನು ಎಣಿಸಿ ಹೋಲಿಸುವ ಯಂತ್ರ, ಹಸಿರಾಗಿ ಮಿನುಗುತ್ತಿತ್ತು. ಜನರ ಗುಟ್ಟು ಕಾಯಲೆಂದೇ ಅದನ್ನು ಅರೆಗುರುಡಾಗಿ ಮಾಡಿದ್ದರು. ಯಾರ ಮುಖವೂ ಅದಕ್ಕೆ ಕಾಣದು. ಸೀಟಿನ ಬಣ್ಣ ಮುಚ್ಚಿದರೆ ತುಂಬಿತು, ಕಂಡರೆ ಖಾಲಿ, ಅಷ್ಟೇ ಅದರ ಲೆಕ್ಕ. ಮೈಸೂರಿನ ಬಸ್ಸುಗಳಲ್ಲೂ ಅಂಥವೇ ಇದ್ದವು. ಒಂದೂರಿಗೆ ಹೊಸ ಬಸ್ಸು ಕೊಟ್ಟು, ಇನ್ನೊಂದಕ್ಕೆ ಕೊಡದೆ, ಏನು ಬದಲಾಯಿತೆಂದು ತಾಳೆ ನೋಡುವ ಉಪಾಯ ಅದು.

ಹೊಸ ಬಸ್ಸು ಸಿಕ್ಕಿದ್ದು ಹುಬ್ಬಳ್ಳಿಗೆ. ಅದರಿಂದಲೇ ಹಾಸ್ಟೆಲ್ಲಿನ ಅಡುಗೆಯ ಹುಸೇನಬಿ ಕೆಲಸ ಮುಗಿಸಿ ಈಜುಕೊಳದ ಸಂಜೆಪಾಠಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದಳು. ಐವತ್ತು ದಾಟಿದ ಮೇಲೆ ಕಲಿಯಲು ಹೊರಟವಳು, ಈಗಷ್ಟೇ ತೇಲತೊಡಗಿದ್ದಳು. ಆದರೆ ಸೋಮವಾರದಿಂದ ಆ ಬಸ್ಸು ಇಲ್ಲವಂತೆ. ಅದು ಬಂದ ಮೇಲೆ ಊರಿಡೀ ಪ್ರಯಾಣಿಕರ ಸಂಖ್ಯೆ ಅರ್ಧಕ್ಕೆ ಇಳಿಯಿತೆಂದು ಕನ್ನಡಿ ಹೇಳಿತ್ತು.

ಇದೇನೆಂದು ನೋಡಲು ಕನ್ನಡಿ ಮಾಡಿದ ವಿಜ್ಞಾನಿ ಶಕುಂತಲಾ ಅಂಗಡಿ ತಾವೇ ನಿಲ್ದಾಣಕ್ಕೆ ಬಂದಿದ್ದರು. ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಬಸ್ಸು ನಿಲ್ಲುತ್ತಲೇ ಅವರ ಕೈ ತಾನಾಗಿ ಹೆಗಲ ಶಾಲನ್ನು ಕಿಟಕಿಯೊಳಗೆ ಎಸೆಯಿತು. ಮುಂಗೈಯ ಪುಟ್ಟ ತೆರೆಯಲ್ಲಿ ಪ್ರಯಾಣಿಕರ ಲೆಕ್ಕ ಒಂದು ಏರಿತು.

ಪಕ್ಕದಲ್ಲಿದ್ದ ಹುಸೇನಬಿಗೆ ನಗು ತಡೆಯಲಿಲ್ಲ. "ಬಸ್ ಖಾಲಿ ಐತ್ರೀ ಮೇಡಮ್ಮಾರ! ಸೀಟಿಗೆ ಟವೆಲ್ ಒಗ್ಯೋ ಕಾಲ ಹೋತು. ಮೊದ್ಲ ನಾನೂ ಎರಡ್ ಸೀಟ್ ಹಿಡೀತಿದ್ದೆ. ಒಂದ್ ನನಗ, ಒಂದ್ ನನ್ ಅಡ್ಗಿ ಡಬರಿಗೆ."

ಶಕುಂತಲಾ ಶಾಲನ್ನು ನೋಡಿದರು, ತೆರೆಯನ್ನು ನೋಡಿದರು, ಮೆಟ್ಟಿಲ ಮೇಲೇ ಕೂತು ಹೊಟ್ಟೆ ಹಿಡಿದು ನಕ್ಕರು.

"ಅಯ್ಯ ನನ್ನ ಶಿವನ! ಚಾಚಿ, ನಾ ಇಷ್ಟ್ ದಿನ ಎಣಿಸಿದ್ದು ಸೀಟ್ ಸಿಗ್ತೈತೋ ಇಲ್ಲೋ ಅನ್ನೋ ಅಂಜಿಕೀನ. ಹೊಸ ಬಸ್ ಬಂತು, ಅಂಜಿಕಿ ಹೋತು, ಲೆಕ್ಕ ಇಳೀತು. ಮಂದಿ ಎಲ್ಲೂ ಹೋಗಿಲ್ಲ!"

"ಹಂಗಾರ ಈ ಬಸ್ ಉಳೀತೈತೇನ್ರೀ? ಈಸಾಕ ಹೋಗ್ಬೇಕ್ರೀ ನಾ. ಕಾಲ್ ಬಡ್ಯೂದು ಇನ್ನೂ ಬಂದಿಲ್ಲ."

"ಈ ವಯಸ್ಸಿನ್ಯಾಗ?"

"ಮುಳುಗೋರಿಗೆ ನೀರು ವಯಸ್ಸ್ ಕೇಳ್ತೈತೇನ್ರೀ?"

"ಕೇಳಂಗಿಲ್ಲ ಬಿಡ್ರಿ. ಅಂಜಿಕಿ ಅರ್ಧ ಆತಂದ್ರ ಬಸ್ ಗೆದ್ದಂಗ. ತಗ್ಯಾಕ ನಾ ಬಿಡಂಗಿಲ್ಲ."

ಬಿಡಲೂ ಇಲ್ಲ. ಸೋಮವಾರ ಬಸ್ಸು ಎಂದಿನಂತೆ ಬಂತು. ಹುಸೇನಬಿ ಆ ವಾರವೇ ಕೊಳದ ಈ ದಡದಿಂದ ಆ ದಡ ಮುಟ್ಟಿ, ಕೇಕೆ ಹಾಕಿ ಕಾವಲುಗಾರನನ್ನು ಬೆಚ್ಚಿಬೀಳಿಸಿದಳು.

ಶಕುಂತಲಾರನ್ನು ಮಾತ್ರ ಮೈಸೂರಿನ ಲೆಕ್ಕ ಕಾಡತೊಡಗಿತು. ಹೊಸ ಬಸ್ಸು ಸಿಗದಿದ್ದರೂ ಅಲ್ಲಿ ನೂಕುನುಗ್ಗಲಿಲ್ಲ, ಸೀಟಿಗೆ ಟವೆಲ್ ಎಸೆಯುವವರಿಲ್ಲ, ಅಂಕಿ ಏರಿಳಿಯದೆ ತಣ್ಣಗಿದೆ. ಆದರೆ ಬಸ್ಸಿನ ಆಸೆಯನ್ನೇ ಬಿಟ್ಟು ನಡೆದುಹೋಗುವವರನ್ನು ಯಾವ ಕನ್ನಡಿ ಕಂಡೀತು? ಅಂಥವರು ಈಗಲೂ ನಮ್ಮ ನಿಮ್ಮ ನಿಲ್ದಾಣಗಳನ್ನು ದಾಟಿ ನಡೆಯುತ್ತಲೇ ಇದ್ದಾರೆ, ಯಾರ ಎಣಿಕೆಗೂ ಸಿಗದೆ.

ಅವರ ಜೊತೆ ನಡೆದು ನೋಡಲೆಂದು ಶಕುಂತಲಾ ಗಟ್ಟಿ ಚಪ್ಪಲಿ ಕೊಂಡು, ಗುರುವಾರ ಬೆಳಿಗ್ಗೆ ಮೈಸೂರಿಗೆ ಹೊರಟರು.