ಎಮ್ಮೆಯೇ ಇಲ್ಲದ ಕೆರೆನೀರು

ಕೆರೆಯಲ್ಲಿ ಮೊಸಳೆಯಿಲ್ಲವೆಂದು ರಾಯಚೂರಿನ ಲ್ಯಾಬಿನಿಂದ ವರದಿ ಬಂದ ಮೂರನೆಯ ದಿನ, ಗಬ್ಬೂರಿನ ಕೆರೆದಂಡೆಯಲ್ಲಿ ಗದ್ದೆಪ್ಪನ ಕರುವಿನ ಅರ್ಧ ದೇಹ ಸಿಕ್ಕಿತು. ವರದಿ ನಂಬಿದ ಹೆಂಗಸರು ಆಗಲೇ ಬಟ್ಟೆ ಒಗೆಯಲು ಮೊಣಕಾಲುದ್ದ ನೀರಿಗಿಳಿಯುತ್ತಿದ್ದರು.

ಪರೀಕ್ಷೆಗೆ ನೀರು ತುಂಬಿದವಳು ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅದೇ ಊರಿನ ಮಲ್ಲೇಶ್ವರಿ. ನೀರಿನಲ್ಲಿ ಮೊಸಳೆ, ದಂಡೆಯಲ್ಲಿ ಜನ. "ಮೊಸಳಿ ಅದ ಅಂದ್ರ ಮೀನು ಹಿಡಿಯೋದು ನಿಲ್ತದಂತ, ಮೀನಿನ ಗುತ್ತಿಗೆದಾರ ಗುರುಸಿದ್ದನ ಮಾತು ಕೇಳಿ ನೀರು ಬದಲಿಸ್ಯಾಳ" ಎಂದು ಊರು ಆಡಿಕೊಳ್ಳುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಲ್ಯಾಬಿನ ಮುಖ್ಯಸ್ಥೆ ಅನುರಾಧಾ ಸುಳ್ಳನ್ನು ವಾಸನೆಯಲ್ಲೇ ಹಿಡಿಯುವವರು. ಮಧ್ಯಾಹ್ನವೇ ಬಂದು ಎಲ್ಲರನ್ನೂ ಪಂಚಾಯಿತಿ ಕಟ್ಟೆಗೆ ಕರೆಸಿದರು. ಮಲ್ಲೇಶ್ವರಿಯ ಪಕ್ಕ ಅವಳ ತಾಯಿ ಅಯ್ಯಮ್ಮ ಕುಳಿತಿದ್ದಳು.

"ನೀರಿಗಿಳಿದ ಪ್ರತಿ ಜೀವ ಜೊಲ್ಲು, ಚರ್ಮ, ಸಗಣಿ ಬಿಟ್ಟು ಹೋಗ್ತದ. ಅದರಾಗಿನ ಡಿಎನ್‌ಎ ನೋಡಿದ್ರ ಯಾರ್ಯಾರು ಇಳಿದಿದ್ರು ಗೊತ್ತಾಗ್ತದ," ಎಂದರು ಅನುರಾಧಾ. "ಗದ್ದೆಪ್ಪಾ, ಕೆರ್‍ಯಾಗ ಎಮ್ಮಿ ಬೀಳ್ತಾವೇನು?"

"ದಿನಾ ಬೀಳ್ತಾವ್ರೀ."

"ಅವತ್ತು ಮೊಸಳಿ ಒಂದನ್ನೇ ಹುಡುಕಿದ್ವಿ. ಇವತ್ತು ಮತ್ತ ನೋಡಿದ್ರ ನಮ್ಮ ಬಾಟ್ಲ್ಯಾಗ ಎಮ್ಮಿನೂ ಇಲ್ಲ, ಮೀನೂ ಇಲ್ಲ. ಸೋಸಿದ ಕಾಗದ ಬೆಳ್ಳಗ ಉಳದದ."

"ಬಿಸಿಲಿಗೆ ಕೆಟ್ಟಿರಬೇಕ್ರೀ," ಎಂದ ಲ್ಯಾಬಿನ ಜೀಪಿನ ಚಾಲಕ ವಿನೋದ.

"ಬಿಸಿಲಿಗೆ ಡಿಎನ್‌ಎ ಕೆಡ್ತದ. ಕೆಸರು ಎಲ್ಲಿ ಹೋಗ್ತದ? ಯಾರೋ ನೀರು ಬದಲಿಸ್ಯಾರ. ಗುರುಸಿದ್ದ ಆಗಿದ್ರ ಸಂಶಯ ಬರದಂಗ ಇನ್ನೊಂದು ಕೆರಿ ನೀರು ತುಂಬತಿದ್ದ. ಕುಡಿಯೋ ನೀರು ತುಂಬಿದವರು ಕಳ್ಳರಲ್ಲ, ಕೆಸರು ನೋಡಿ ನಾಚಿದವರು." ಅನುರಾಧಾ ಚೀಟಿ ತೆಗೆದರು. "ನೀರು ತುಂಬಿದ್ದು ಎಂಟಕ್ಕ, ಲ್ಯಾಬಿಗೆ ಬಂದಿದ್ದು ಒಂದಕ್ಕ. ದಾರಿ ಒಂದು ತಾಸಿಂದು. ನಡುವ ಬಾಟ್ಲಿ ಇಟ್ಟ ಐಸ್ ಪೆಟ್ಟಿಗಿ ಎಲ್ಲಿತ್ತು, ಮಲ್ಲೇಶ್ವರಿ?"

ಉತ್ತರ ಅವಳಿಗೆ ಆ ಕ್ಷಣದಲ್ಲೇ ಹೊಳೆದಿತ್ತು. ಬಾಯಿಬಿಟ್ಟರೆ ಊರೆಲ್ಲ ಅವ್ವನ ಮೇಲೆ ಬೀಳುತ್ತಿತ್ತು.

ಅಯ್ಯಮ್ಮನೇ ಎದ್ದು ನಿಂತಳು. "ನಮ್ಮ ಮನ್ಯಾಗಿತ್ರೀ. ರೊಟ್ಟಿ ತಿಂದು ಹೋಗಂತ ನಾನೇ ಕರದೆ. ಉಂಡು ಅಡ್ಡಾದ್ಲು. ಇಂಥ ರಾಡಿ ನೀರು ದೊಡ್ಡೂರಿಗೆ ಒಯ್ದ್ರ ಮಗಳಿಗೆ ನಗ್ತಾರಂತ ಚೆಲ್ಲಿ, ಬಾಟ್ಲಿ ತೊಳದು, ಫಿಲ್ಟರ್ ನೀರು ತುಂಬಿದೆ."

ಯಾರೋ ಕಿಸಕ್ಕನೆ ನಕ್ಕರು. ಗದ್ದೆಪ್ಪ ನಗಲಿಲ್ಲ, ಅವನ ಸೊಸೆ ಹಿಂದಿನ ದಿನವೂ ಆ ನೀರಿನಲ್ಲಿದ್ದಳು.

"ತಪ್ಪು ಅವ್ವಂದಲ್ರೀ," ಎಂದಳು ಮಲ್ಲೇಶ್ವರಿ. "ದಂಡಿಮ್ಯಾಲೇ ಸೀಲ್ ಹಾಕಿ ಸೀದಾ ಒಯ್ಯಬೇಕಿತ್ತು. ಪೆಟ್ಟಿಗಿ ಬಿಟ್ಟು ಮಲಗಿದಾಕಿ ನಾನು."

ಅನುರಾಧಾ ಬಯ್ಯಲಿಲ್ಲ. ಹೊಸ ಕೈಗವಸು, ಹೊಸ ಬಾಟಲಿ ಕೊಟ್ಟರು. "ಮತ್ತ ತುಂಬು. ಈಗ್ಲೇ."

ಉದ್ದನೆಯ ಕೋಲಿನ ತುದಿಗೆ ಬಾಟಲಿ ಕಟ್ಟಿ ಅವಳು ದಂಡೆಗಿಳಿದಳು. ದೂರದಲ್ಲಿ ಗುಳ್ಳೆಗಳೆದ್ದವು. ಹಿಂದಿನಿಂದ ಅಯ್ಯಮ್ಮ ಅವಳ ನಡುವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು.

"ಕೆಸರು ಬರಲಿ ಮಗಳ," ಎಂದಳು ಅಳುತ್ತ, "ಎಷ್ಟರೆ ಕೆಸರು ಬರಲಿ."