ಉತ್ತ ಹೊಲಕ್ಕೆ ಗುರುತಿಲ್ಲ

ಬಕ್ಕೇಶ ಆ ಮಾತನ್ನು ನಗುತ್ತಲೇ ಆಡಿದ್ದ.

"ಉಜ್ಜನಪ್ಪಣ್ಣ, ಆಕಾಶದಾಗಿಂದ ಪರದೇಶದವ್ರ ಹಿತ್ಲು ಇಣುಕ್ತಿದ್ದಿ. ನಿನ್ನ ಬೀರುದಾಗ ನಾ ಕೈ ಹಾಕಿದ್ದು ಕಾಣ್ಲಿಲ್ಲೇನು? ಕೊಕ್ಕನೂರು ಹೊಲ ನನ್ನ ಹೆಸರಿಗೆ ಬರ್ದುಬಿಡು. ಇಲ್ಲಾಂದ್ರ ದಿಲ್ಲಿಗೆ ಒಂದು ಫೋನ್ ಸಾಕು."

ಚಿಕ್ಕಪ್ಪನ ಮಗನ ಕೈಯಲ್ಲಿದ್ದದ್ದು ಬೆರಳುದ್ದದ ಪೆನ್‌ಡ್ರೈವ್. ಮೂವತ್ತೊಂದು ವರ್ಷ ದಿಲ್ಲಿಯ ಬೇಹು ಸಂಸ್ಥೆಯಲ್ಲಿ ಉಪಗ್ರಹದ ಚಿತ್ರ ಓದಿದ್ದ ಉಜ್ಜನಪ್ಪ, ನಿವೃತ್ತಿಯ ದಿನ ಕೆಲವನ್ನು ಕದ್ದು ತಂದಿದ್ದ. ಯಾರಿಗೂ ಮಾರಲಿಕ್ಕಲ್ಲ, ತಾನೂ ಏನೋ ಮಾಡಿದೆನೆಂದು ತನಗೇ ತೋರಿಸಿಕೊಳ್ಳಲಿಕ್ಕೆ. ಸಿಕ್ಕಿಬಿದ್ದರೆ ಮಾತ್ರ ಸಾಯುವುದು ಜೈಲಿನಲ್ಲೇ.

ಅಂದಿನಿಂದ ಸರಸ್ವತಿ ನಗರದ ತನ್ನ ಮನೆಯ ಮುಂದೆ ಯಾವ ಬೈಕು ನಿಂತರೂ ಕಿಟಕಿಯಿಂದ ಇಣುಕುತ್ತಿದ್ದ. ಹೊಲ ಕೊಟ್ಟರೆ ನಾಳೆ ಮನೆ ಕೇಳುತ್ತಾನೆ. ಬಕ್ಕೇಶನೇ ಇರಬಾರದು.

ನೆಲದ ಪೊಲೀಸರ ಹೆದರಿಕೆ ಅವನಿಗಿರಲಿಲ್ಲ. ಹೆದರಿಕೆಯೆಲ್ಲ ಮೇಲಿನ ಕಣ್ಣಿನದು. ಹೊಸದಾಗಿ ಅಗೆದ ಮಣ್ಣು ಮೇಲಿನಿಂದ ಗಾಯದ ಹಾಗೆ ಕಾಣುತ್ತದೆ. ಅಂಥ ಎಷ್ಟೋ ಗಾಯಗಳಿಗೆ ಅವನೇ ಕೆಂಪು ಸುತ್ತು ಹಾಕಿದ್ದ. ಆದರೆ ಹೊಲವಿಡೀ ಉತ್ತರೆ? ಮೃಗಶಿರ ಮಳೆ ಬಿದ್ದು ಕೊಕ್ಕನೂರಿನ ಸುತ್ತ ನೂರಾರು ಹೊಲ ಉತ್ತಿದ್ದರು. ನೂರರ ಜೊತೆ ನೂರಾ ಒಂದನೆಯದು.

ಎರಡು ವಾರ ಬದುವಿನ ಮೇಲೆ ಕೂತು ಜನರ ಓಡಾಟ ಬರೆದುಕೊಂಡ. ವಾರದಲ್ಲಿ ಒಂದು ದಿನ ಅಲ್ಲಿ ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಆ ದಿನಕ್ಕೇ ಗುರುತು ಹಾಕಿದ. ಮೋಡ ಕವಿದಾಗ ಹೊಲದೊಳಗೆ ಪೊದೆಯ ಮರೆಯಲ್ಲಿ ಗುಂಡಿ ತೋಡಿಟ್ಟ.

ಹೊಲ ಬರೆದುಕೊಡುತ್ತೇನೆಂದು ಅದೇ ದಿನಕ್ಕೆ ಬಕ್ಕೇಶನನ್ನು ಕರೆದ. ಅವನ ಬೈಕನ್ನು ಹರಿಹರದ ರೈಲ್ವೆ ಸ್ಟೇಷನ್ನಿನಲ್ಲಿ ಬಿಡಿಸಿ ತನ್ನ ಕಾರಿನಲ್ಲಿ ಕೂರಿಸಿಕೊಂಡ. ಬದುವಿನ ಮೇಲೆ ಕೂತು ಬಕ್ಕೇಶ ನಿದ್ದೆಮಾತ್ರೆಯ ಮಜ್ಜಿಗೆ ಗಟಗಟ ಕುಡಿದ. ಮತ್ತೆ ಏಳಲಿಲ್ಲ, ಏಳದಂತೆ ಉಜ್ಜನಪ್ಪ ನೋಡಿಕೊಂಡ. ಮಣ್ಣು ಮುಚ್ಚುವಾಗ ಹತ್ತು ಸಲ ಆಕಾಶ ನೋಡಿದ.

ಮಧ್ಯಾಹ್ನ ಹರಿಹರದಿಂದ ಮುದಸ್ಸಿರ್ ಟ್ರ್ಯಾಕ್ಟರ್ ತಂದ. "ಇವತ್ತೇ ಹೊಡೀಬೇಕೇನ್ರಿ ಸಾಹೇಬ್ರ?"

"ಇವತ್ತೇ."

ಸಂಜೆಯೊಳಗೆ ನಾಲ್ಕು ಎಕರೆಯೂ ಒಂದೇ ಬಣ್ಣ. ಬಕ್ಕೇಶನ ಜೇಬಿನ ಮೊಬೈಲು, ಪೆನ್‌ಡ್ರೈವ್ ಎರಡೂ ತುಂಗಭದ್ರೆಯ ಪಾಲಾದವು.

ನಾಲ್ಕನೇ ದಿನ ಸಬ್‌ಇನ್ಸ್‌ಪೆಕ್ಟರ್ ಬಂದರು. ಗಂಡ ಹೊಲದ ಮಾತಿಗೆಂದು ಹೋದವನು ತಿರುಗಿ ಬರಲಿಲ್ಲವೆಂದು ಬಕ್ಕೇಶನ ಹೆಂಡತಿ ದೂರು ಕೊಟ್ಟಿದ್ದಳು. ಉಜ್ಜನಪ್ಪ ತಾನೇ ಹೊಲ ತೋರಿಸಿದ. ಬೈಕು ಸ್ಟೇಷನ್ನಿನಲ್ಲಿ ಸಿಕ್ಕ ಸುದ್ದಿ ಆಗಲೇ ಊರಲ್ಲಿತ್ತು. "ಸ್ಟೇಷನ್ ತನಕ ಬಂದಿದ್ದ್ನಂತ್ರಿ. ಯಾವ ರೈಲು ಹತ್ತಿದ್ನೋ." ಅವರು ಸುತ್ತ ಕಣ್ಣಾಡಿಸಿದರು. ಎಲ್ಲೆಲ್ಲೂ ಉತ್ತ ಮಣ್ಣು. "ಸೋಮವಾರದಿಂದ ಕಾಣೆ" ಎಂದು ಗೊಣಗಿ ಜೀಪಿನತ್ತ ಹೊರಟರು.

ಪಕ್ಕದ ಹೊಲದ ಹುಲಿಯಪ್ಪಜ್ಜ ಅಡ್ಡ ಬಂದ. ಅವನದು ಬೇರೆಯೇ ದೂರು. "ಸಾಹೇಬ್ರ, ಇವ್ರಿಗೊಂದೀಟು ಬುದ್ಧಿ ಹೇಳ್ರಿ. ಸೋಮವಾರ ಬಸವಣ್ಣನ ದಿನ. ನಮ್ಮೂರಾಗ ಎತ್ತು ಹೂಡಲ್ಲ, ಭೂಮಿಗೆ ಕಬ್ಬಿಣ ತಾಗ್ಸಲ್ಲ, ಹೊಲದ ಕಡಿಗೇ ಯಾರೂ ಬರಲ್ಲ. ಅವತ್ತು ಉತ್ತಿದ್ದು ಇವ್ರದೊಂದೇ ಹೊಲ. ಟ್ರ್ಯಾಕ್ಟರ್ ಸದ್ದಿಗೆ ಊರಿಗೂರೇ ಮಾಳಿಗಿ ಹತ್ತಿ ನೋಡ್ತು. ಅದೇನ್ ಅವಸ್ರ ಇತ್ತೋ, ಕೇಳ್ರಿ ಅವ್ರನ್ನ."